ಕುತ್ತಿಗೆ ನೋವಿಗೆ ಸಾಕ್ಷಿ

ಆಗ ನನಗೆ ಅರವತ್ತೊಂದು. ಇದು ಮೂರು ವರ್ಷದ ಹಿಂದಿನ ಮಾತು. ವಯಸ್ಸು ಆಧಾರ್ ಕಾರ್ಡಿನದು, ನಮ್ಮವ್ವ ಹೇಳುತ್ತಿದ್ದ ಪ್ರಕಾರ ಇನ್ನೂ ಎರಡು ಸೇರಿಸಬೇಕು. ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ. ಇಷ್ಟು ಬರೆಯುವುದಕ್ಕೆ ಒಂದು ಬೇಸಿಗೆ ಪೂರ್ತಿ ಹಿಡಿಯಿತು. ಕುತ್ತಿಗೆ ನೋವಿದ್ದು, ಮನೆಯವರು ನಂಬದೆ, ಬಾಯಿ ಮುಚ್ಚಿಕೊಂಡು ಕೂತಿರುವ ಹೆಂಗಸರು ಬಹಳ ಇದ್ದಾರೆ. ಓದು ಬರುವವರು ಓದಿ ಅವರಿಗೆ ಹೇಳಿ.

ನಮ್ಮದು ತೆರಕಣಾಂಬಿ ಪಕ್ಕದ ಒಂದು ಹಳ್ಳಿ. ಐವತ್ತು ವರ್ಷ ನಾನು ತಲೆ ಮೇಲೆ ಹೊತ್ತವಳು. ನೀರು, ಸೌದೆ, ಹುಲ್ಲು, ಅರಿಸಿನ, ಆಮೇಲೆ ಚೆಂಡು ಹೂವು. ಹೂವು ಕಿತ್ತು ಚೀಲಕ್ಕೆ ತುಂಬಿ, ಹೊಲದಿಂದ ರಸ್ತೆಯಲ್ಲಿ ನಿಂತ ಲಾರಿಯವರೆಗೆ ಹೊರಬೇಕು. ನಮ್ಮ ಹೆಂಗಸರ ಗುಂಪಿಗೆ ನಾನೇ ಮುಂದಾಳು. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಮಗ ಸಿದ್ದರಾಜು ಬಂಡೀಪುರದಲ್ಲಿ ಅರಣ್ಯ ಇಲಾಖೆಯ ವಾಚರ್, ವಾರಕ್ಕೊಂದು ಸಲ ಮನೆಗೆ ಬರುತ್ತಾನೆ. ಸೊಸೆ ಭಾಗ್ಯ ನನ್ನ ಜೊತೆಯೇ ಹೂವಿನ ಕೆಲಸಕ್ಕೆ ಬರುತ್ತಿದ್ದಳು. ಅವರಿಗೆ ಒಂದು ಹೆಣ್ಣು ಮಗು.

ನೋವು ಒಂದೇ ದಿನ ಬಂದದ್ದಲ್ಲ. ಮೊದಮೊದಲು ಬೆಳಿಗ್ಗೆ ಎದ್ದಾಗ ಎಡಗಡೆ ಹಿಡಿದುಕೊಳ್ಳುತ್ತಿತ್ತು. ಹರಳೆಣ್ಣೆ ಹಚ್ಚಿ ಬಿಸಿನೀರು ಹೊಯ್ದುಕೊಂಡರೆ ಬಿಡುತ್ತಿತ್ತು. ಆಮೇಲೆ ಬಿಡಲಿಲ್ಲ. ಕಿವಿಯ ಹಿಂದಿನಿಂದ ಹೆಗಲಿನವರೆಗೆ ಯಾರೋ ತಂತಿ ಕಟ್ಟಿ ಎಳೆದ ಹಾಗೆ. ಮಗ್ಗುಲಾಗಿ ಮಲಗುವ ಹಾಗಿಲ್ಲ. ಬಸ್ಸಿನ ಬೋರ್ಡು ನೋಡಲು ತಲೆ ಎತ್ತುವ ಹಾಗಿಲ್ಲ. ಹಿಂದಿನಿಂದ ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿಕೊಂಡು ನಿಲ್ಲಬೇಕು. ಎಷ್ಟೋ ಸಲ ಬೇಸರವಾಗಿ ತಿರುಗುತ್ತಲೇ ಇರಲಿಲ್ಲ. ಚಿಕ್ಕತಾಯಮ್ಮನಿಗೆ ಗರ್ವ ಬಂದಿದೆ, ಕೂಗಿದರೂ ನೋಡುವುದಿಲ್ಲ ಎಂದು ಬೀದಿಯವರು ಆಡಿಕೊಂಡರು.

ಗುಂಡ್ಲುಪೇಟೆಯ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಮೂಳೆ ಸವೆದಿದೆ, ಈ ವಯಸ್ಸಿಗೆ ಎಲ್ಲರಿಗೂ ಇಷ್ಟು ಸವೆದಿರುತ್ತದೆ, ಗಾಬರಿ ಬೇಡ ಎಂದರು. ಮಾತ್ರೆ ಕೊಟ್ಟರು, ಕುತ್ತಿಗೆಗೆ ಪಟ್ಟಿ ಕೊಟ್ಟರು, ಹೊರೆ ಹೊರಬೇಡ ಎಂದರು. ಮಗ ಆ ವಾರ ಮನೆಗೆ ಬಂದವನು ಎಕ್ಸ್‌ರೇ ತೆಗೆದು ಬಾಗಿಲ ಬೆಳಕಿಗೆ ಹಿಡಿದ.

"ಏನೂ ಇಲ್ವಂತಲ್ಲವ್ವ."

"ಏನೂ ಇಲ್ಲ ಅಂತ ಅಂದ್ರಾ ಅವ್ರು? ಎಲ್ಲಾರ್ಗೂ ಇರ್ತದೆ ಅಂದ್ರು."

"ಅದೇ ಕನವ್ವ. ಎಲ್ಲಾರ್ಗೂ ಇದ್ರೆ ಎಲ್ಲಾರೂ ಮನ್ಗವ್ರಾ?"

ಅವನು ಕೆಟ್ಟವನಲ್ಲ. ಅವನ ಕಣ್ಣಿಗೆ ಕಂಡದ್ದನ್ನು ಹೇಳಿದ. ಗಾಯವಿಲ್ಲ, ಬಾವಿಲ್ಲ, ಜ್ವರವಿಲ್ಲ. ಕೈ ಮುರಿದರೆ ಕಟ್ಟು ಕಾಣುತ್ತದೆ, ನನ್ನದು ಕಾಣುವುದಿಲ್ಲ. ನಾನು ಕೆಲಸ ಬಿಟ್ಟ ಮೇಲೆ ನೀರು, ಹಟ್ಟಿ, ಹೊಲ ಎಲ್ಲ ಭಾಗ್ಯಳ ಮೇಲೆ ಬಿತ್ತು. ಅವಳು ನನ್ನ ಮುಖ ನೋಡಿ ಒಂದು ಮಾತೂ ಆಡಲಿಲ್ಲ. ಕೋಳಿಗೆ ಹೇಳುತ್ತಿದ್ದಳು, ಪಾತ್ರೆಗೆ ಹೇಳುತ್ತಿದ್ದಳು.

"ಕೆಲವ್ರ ನೋವು ಉಣ್ಣಕ್ಕೆ ಕೂತಾಗ ಮಾತ್ರ ಇರದಿಲ್ಲ ಕನ."

ಹೀಗೆ ಎರಡು ವರ್ಷ. ಕೊನೆಕೊನೆಗೆ ನನಗೆ ವಾಸಿಯಾಗುವ ಆಸೆಯೇ ಹೋಯಿತು. ಇವಳಿಗೆ ನೋವಿದೆ, ನಾಟಕವಲ್ಲ ಎಂದು ಯಾರಾದರೂ ಒಬ್ಬರು ನನ್ನ ಮನೆಯವರಿಗೆ ಹೇಳಬೇಕಿತ್ತು. ನಾನು ಆಸ್ಪತ್ರೆ ಹುಡುಕಿಕೊಂಡು ಹೋದದ್ದು ಅದಕ್ಕೇ. ಮುಚ್ಚಿಟ್ಟು ಏನೂ ಪ್ರಯೋಜನವಿಲ್ಲ.

ಚಾಮರಾಜನಗರದಲ್ಲಿ ಒಂದು ಟ್ರಸ್ಟಿನ ಆಸ್ಪತ್ರೆ ಇದೆ, ಅಲ್ಲಿ ಕುತ್ತಿಗೆ ನೋವಿಗೆ ವ್ಯಾಯಾಮ ಹೇಳಿಕೊಡುತ್ತಾರೆ, ಕಾಲೇಜಿನವರು ಆರು ವಾರದ ಮಟ್ಟಿಗೆ ಹೊಸ ಮೆಷಿನ್ ತಂದಿದ್ದಾರೆ ಎಂದು ಆಶಾ ಕಾರ್ಯಕರ್ತೆ ಹೇಳಿದಳು. ಮೆಷಿನ್ ಅಂದದ್ದೇ ನಾನು ಎದ್ದು ಕೂತೆ. ಡಾಕ್ಟರು ತಪ್ಪಬಹುದು, ಮೆಷಿನ್ ತಪ್ಪುವುದಿಲ್ಲ ಅಂದುಕೊಂಡೆ. ಅದು ನನ್ನ ನೋವನ್ನು ಅಳೆದು ಚೀಟಿಯಲ್ಲಿ ಬರೆದು ಕೊಡುತ್ತದೆ, ಆ ಚೀಟಿಯನ್ನು ಭಾಗ್ಯಳ ಮುಂದೆ ಎಸೆಯಬೇಕು ಅಂದುಕೊಂಡೆ.

ವಾರಕ್ಕೆ ಎರಡು ದಿನ ಬಸ್ಸು. ತೆರಕಣಾಂಬಿ ದಾಟಿದರೆ ರಸ್ತೆಯ ಉಬ್ಬು ಒಂದೊಂದೂ ನನ್ನ ಕುತ್ತಿಗೆಗೇ ಗೊತ್ತು. ಆಸ್ಪತ್ರೆಯಲ್ಲಿ ಉದ್ದದ ಬೆಂಚು, ಮೇಲೆ ಗಿರಗಿರ ಅನ್ನುವ ಫ್ಯಾನು, ಎದುರಿಗೆ ಹಸಿರು ಪರದೆ. ಕಾಯುವವರೆಲ್ಲ ಎಲ್ಲೋ ಒಂದು ಕಡೆ ಸೊಟ್ಟ. ಹರದನಹಳ್ಳಿಯ ಒಬ್ಬಳು ಲಕ್ವ ಹೊಡೆದ ಗಂಡನನ್ನು ತಂದು ನನ್ನ ಪಕ್ಕ ಕೂರಿಸುತ್ತಿದ್ದಳು. ಅವನ ಬಾಯಿ ಒರೆಸುತ್ತ ನನ್ನನ್ನು ಕೇಳಿದಳು.

"ನಿಮ್ಗೇನಕ್ಕ ಕಾಯ್ಲೆ? ಗಟ್ಟಿಮುಟ್ಟಾಗಿದ್ದೀರಲ್ಲ."

"ಕತ್ತು."

"ಅಯ್ಯೋ, ಕತ್ತಾ. ನಾನೂ ಏನೋ ಅಂದ್ಕಂಡೆ ಬುಡಿ."

ಅವಳ ಗಂಡನ ಸ್ಥಿತಿ ನೋಡಿದರೆ ಅವಳು ಅಂದದ್ದೂ ಸರಿಯೇ. ಅಲ್ಲಿಯೂ ನನ್ನ ನೋವು ಲೆಕ್ಕಕ್ಕಿಲ್ಲ ಎಂದು ಗೊತ್ತಾಯಿತು. ಒಬ್ಬಳು ಆಯಾ ಮಾತ್ರ ಎರಡನೇ ದಿನದಿಂದ ಬಾಗಿಲಿಗೆ ನೇರವಾಗಿ ಒಂದು ಕುರ್ಚಿ ಹಾಕಿ ಇಡುತ್ತಿದ್ದಳು, ಹೆಸರು ಕೂಗಿದಾಗ ನಾನು ತಿರುಗಬೇಕಾಗದಿರಲಿ ಎಂದು. ನಾನು ಕೇಳಿರಲಿಲ್ಲ. ಅವಳ ಹೆಸರೂ ನನಗೆ ಗೊತ್ತಿಲ್ಲ.

ವ್ಯಾಯಾಮ ಹೇಳಿಕೊಡುವ ಹುಡುಗಿ ಶ್ವೇತಾ. ಮೊದಲ ದಿನ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಳು. ಓದಿ ಹೇಳಲೇ ಅಮ್ಮ ಎಂದು ಕೇಳಿದಳು. ನನಗೆ ಓದಲು ಬರುತ್ತದೆ ಎಂದೆ. ಎರಡು ಸಾಲು ಓದುವ ಹೊತ್ತಿಗೆ ಸಾಕಾಗಿ ಸಹಿ ಹಾಕಿದೆ. ಆಮೇಲೆ ಅವಳು ದಪ್ಪ ಕನ್ನಡಕದಂಥ ಪೆಟ್ಟಿಗೆಯೊಂದನ್ನು ತಂದು ನನ್ನ ಕಣ್ಣಿಗೆ ಕಟ್ಟಿ, ತಲೆಯ ಹಿಂದೆ ಪಟ್ಟಿ ಬಿಗಿದಳು. ಅದಕ್ಕೆ ವಿಆರ್ ಅನ್ನುತ್ತಾರಂತೆ.

ಕಣ್ಣು ಬಿಟ್ಟರೆ ಆಸ್ಪತ್ರೆ ಇಲ್ಲ. ಸುತ್ತ ಹಸಿರು ಬಯಲು. ಒಂದು ಬೇಲಿ. ಬೇಲಿಯ ಮೇಲೆ ಅಲ್ಲೊಂದು ಇಲ್ಲೊಂದು ಕೆಂಪು ಹಕ್ಕಿ.

"ಏನ್ ಕಾಣ್ತಿದೆ ಅಮ್ಮ?"

"ಹುಲ್ಲು. ಇಷ್ಟೊಂದ್ ಹುಲ್ ಬುಟ್ಟವ್ರೆ, ಒಂದ್ ದನ ಇಲ್ಲ, ಒಂದ್ ಹಿಡಿ ಸಗ್ಣಿ ಇಲ್ಲ. ಯಾರ್ದಮ್ಮಿ ಈ ಜಮೀನು?"

ಅವಳು ನಕ್ಕಳು. ಹಕ್ಕಿಯನ್ನು ನೇರವಾಗಿ ನೋಡಿದರೆ ಅದು ಹಾರಿಹೋಗುತ್ತದೆ, ಒಂದೊಂದನ್ನೂ ನೋಡಿ ಹಾರಿಸಬೇಕು, ಅಷ್ಟೇ ಕೆಲಸ ಎಂದಳು. ನಾನು ಎಡಕ್ಕೆ ನೋಡಿದೆ. ಹಕ್ಕಿ ಹಾರಿತು. ಬಲಕ್ಕೆ ನೋಡಿದೆ. ಅದೂ ಹಾರಿತು. ಶ್ವೇತಾ ನಗುವುದನ್ನು ನಿಲ್ಲಿಸಿದಳು.

"ಅಮ್ಮಾ, ಸೊಂಟ ತಿರುಗಿಸ್ತಿದ್ದೀರಿ. ಸ್ಟೂಲೇ ತಿರುಗ್ತಿದೆ. ಕತ್ತು ತಿರುಗಿಸಿ."

"ತಲೆ ಮ್ಯಾಲೆ ಒರೆ ಮಡಗ್ಬುಟ್ಟು ಕತ್ ತಿರುಗ್ಸು ಅಂತೀಯಲ್ಲ ಕಣಮ್ಮಿ. ಮುರ್ದೋಗಕಿಲ್ವಾ?"

"ಇದು ಹೊರೆ ಅಲ್ಲಮ್ಮ, ಅರ್ಧ ಕೇಜಿ ಅಷ್ಟೇ."

ಅರ್ಧ ಕೇಜಿಯೋ, ಮೂಟೆಯೋ, ತಲೆಯ ಮೇಲೆ ಏನು ಕೂತರೂ ನನ್ನ ಕುತ್ತಿಗೆ ಗೂಟವಾಗುತ್ತದೆ. ಹೊರುವವರಿಗೆಲ್ಲ ಹಾಗೆಯೇ. ಬಟ್ಟೆ ಸುತ್ತಿದ ಸಿಂಬಿ ತಲೆಗೆ ಬಿದ್ದ ಕ್ಷಣದಿಂದ ಕಣ್ಣು ತಿರುಗಬಹುದು, ಸೊಂಟ ತಿರುಗಬಹುದು, ಕುತ್ತಿಗೆ ತಿರುಗಬಾರದು. ತಿರುಗಿದರೆ ಮೂಟೆ ಜಾರುತ್ತದೆ, ಹೊತ್ತವಳನ್ನೂ ಕೆಡವುತ್ತದೆ. ಎಂಟು ವರ್ಷದವಳಿದ್ದಾಗ ನಮ್ಮವ್ವ ಬೆನ್ನಿಗೆ ಗುದ್ದಿ ಕಲಿಸಿದ ಪಾಠ. ಈ ಹುಡುಗಿ ಹೇಳಿದ ಕೂಡಲೇ ಮರೆಯುವುದಕ್ಕೆ ಆಗಲಿಲ್ಲ. ಕೊನೆಗೆ ಅವಳು ತಿರುಗುವ ಸ್ಟೂಲು ತೆಗೆದು ಕುರ್ಚಿ ತಂದಳು, ನನ್ನ ಎದೆಗೆ ಪಟ್ಟಿ ಹಾಕಿ ಕುರ್ಚಿಗೆ ಕಟ್ಟಿದಳು. ಈಗ ಸೊಂಟ ಕದಲಲಿಲ್ಲ. ಕುತ್ತಿಗೆಯೂ ಕದಲಲಿಲ್ಲ. ಹಕ್ಕಿಗಳೆಲ್ಲ ಬೇಲಿಯ ಮೇಲೇ ಕೂತಿದ್ದವು. ನನಗೆ ತಲೆ ಸುತ್ತಿ ಬಕೆಟ್ಟಿಗೆ ವಾಂತಿ ಮಾಡಿದೆ. ಮೊದಲ ದಿನ ಅಷ್ಟೇ.

ಮೆಷಿನ್ ಜೊತೆಗೆ ವ್ಯಾಯಾಮವೂ ಇತ್ತು. ಗೋಡೆಗೆ ತಲೆ ಆನಿಸಿ ಗದ್ದವನ್ನು ಒಳಕ್ಕೆ ಎಳೆದು ಹತ್ತು ಎಣಿಸಬೇಕು. ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಎರಡು ಕೈಯಲ್ಲೂ ಎಳೆಯಬೇಕು. ಮನೆಯಲ್ಲಿ ಮಾಡಿದರೆ ಬೀದಿಯ ಮಕ್ಕಳು ಕಿಟಕಿಗೆ ಬಂದು ನಿಲ್ಲುತ್ತಿದ್ದವು. ಭಾಗ್ಯ ಕೋಳಿಗೆ ಹೇಳಿದಳು, "ರಬ್ಬರ್ ಎಳಿಯಕ್ಕೆ ಕೈ ಬತ್ತದೆ, ಬಿಂದ್ಗೆ ಎತ್ತಕ್ಕೆ ಬರಕಿಲ್ಲ."

ಎರಡನೇ ವಾರ ನೋವು ಜಾಸ್ತಿಯಾಯಿತು. ಬಿಟ್ಟುಬಿಡೋಣ ಎಂದೇ ಇದ್ದೆ. ಮೂರನೇ ವಾರ ಎಡಗಡೆಯ ಒಂದು ಹಕ್ಕಿ ಹಾರಿತು. ನಾಲ್ಕನೇ ವಾರದಿಂದ ಏನಾಯಿತೋ, ಒಂದಾದ ಮೇಲೆ ಒಂದು ಹಾರತೊಡಗಿದವು. ನೋವು ಬರುವ ಜಾಗ ನನಗೆ ಗೊತ್ತಲ್ಲ, ಆ ಜಾಗ ಇನ್ನೂ ದೂರವಿದೆ ಅನ್ನಿಸುತ್ತಿತ್ತು, ತಿರುಗಿಸುತ್ತಿದ್ದೆ. ಪೆಟ್ಟಿಗೆ ಬಿಚ್ಚಿದ ಮೇಲೆ ಅರ್ಧ ಗಂಟೆ ಹಗುರ. ಬಸ್ಸು ಇಳಿಯುವ ಹೊತ್ತಿಗೆ ಮತ್ತೆ ಅದೇ ತಂತಿ. ಆದರೂ ಆ ಅರ್ಧ ಗಂಟೆಗಾಗಿ ಹೋಗುತ್ತಿದ್ದೆ.

ಕೊನೆಯ ದಿನ ಮನೆಯವರೊಬ್ಬರು ಬರಬೇಕು, ವ್ಯಾಯಾಮ ನೋಡಿಕೊಳ್ಳಬೇಕು ಎಂದು ಶ್ವೇತಾ ಹೇಳಿ ಕಳಿಸಿದಳು. ಸಿದ್ದರಾಜುವಿಗೆ ರಜೆ ಸಿಗಲಿಲ್ಲ. ಭಾಗ್ಯ ಒಂದು ದಿನದ ಕೆಲಸ ಬಿಟ್ಟು ಬಂದಳು, ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಕೂತಳು. ಇವತ್ತು ಚೀಟಿ ಸಿಗುತ್ತದೆ, ಇವಳ ಕೈಗೇ ಸಿಗುತ್ತದೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಅವತ್ತು ನಾನು ಒಂದು ಹಕ್ಕಿಯನ್ನೂ ಉಳಿಸಲಿಲ್ಲ. ಶ್ವೇತಾ ಲ್ಯಾಪ್‌ಟಾಪ್ ತಿರುಗಿಸಿ ಭಾಗ್ಯಳಿಗೆ ತೋರಿಸಿದಳು. ಶ್ವೇತಾಳಿಗೆ ಖುಷಿ.

"ನೋಡಿ ಅಕ್ಕ, ಮೊದಲ ದಿನ ಅಮ್ಮ ಇಷ್ಟು ತಿರುಗಿದ್ರೆ ನೋವು ಅಂತಿದ್ರು. ಈಗ ಇಲ್ಲೀವರೆಗೂ ತಿರುಗಿದ್ದಾರೆ. ನಾಲ್ಕನೇ ವಾರದಿಂದ ಮೆಷಿನ್‌ನಲ್ಲಿ ಸ್ವಲ್ಪ ಬದಲಾಯಿಸಿದ್ವಿ. ಅಮ್ಮ ಕತ್ತು ಜಾಸ್ತಿ ತಿರುಗಿಸಿದ್ರೂ ಕಣ್ಣಿಗೆ ಕಮ್ಮಿ ತಿರುಗಿದ ಹಾಗೆ ಕಾಣುತ್ತೆ. ಅದಕ್ಕೇ ಹೆದರದೆ ಮುಂದಕ್ಕೆ ಹೋದ್ರು. ಕಾಗದದಲ್ಲಿ ಬರೆದಿದ್ವಲ್ಲ ಅಮ್ಮ."

ಬರೆದಿದ್ದರು. ಓದದೆ ಸಹಿ ಹಾಕಿದ್ದು ನಾನು. ಎರಡು ವರ್ಷದ ನೋವಿಗೆ ಸಾಕ್ಷಿ ಹುಡುಕಿಕೊಂಡು ಬಂದರೆ, ಮೆಷಿನ್ ನನ್ನ ವಿರುದ್ಧವೇ ಸಾಕ್ಷಿ ಹೇಳಿತು.

"ಅಂದ್ರೆ ಕತ್ತು ತಿರುಗ್ತಿತ್ತು ಅನ್ನಿ," ಎಂದಳು ಭಾಗ್ಯ. "ಕಣ್ಣಿಗೆ ಮಂಕು ಬೂದಿ ಎರಚುದ್ರೆ ತಿರುಗ್ತದೆ, ಇಲ್ದಿದ್ರೆ ತಿರುಗಲ್ಲ."

"ಹಂಗಲ್ಲ ಅಕ್ಕ. ನೋವು ಸುಳ್ಳಲ್ಲ. ತುಂಬಾ ದಿನ ನೋವು ತಿಂದ ಕತ್ತು ಹೆದರ್ಕೊಂಡುಬಿಡುತ್ತೆ. ತಿರುಗೋ ಮುಂಚೆಯೇ ನೋವು ಶುರುವಾಗುತ್ತೆ. ಆ ನೋವೂ ನಿಜವೇ."

"ಎದ್ರಿಕೆನಾ? ನಮ್ಮತ್ತೆಗಾ?" ಭಾಗ್ಯ ನಕ್ಕಳು. "ಎದ್ರಿಕೆನೇ ನಮ್ಮತ್ತೇನ ನೋಡುದ್ರೆ ಎದ್ರಿಕೊಂಡ್ ಓಡ್ತದೆ ಕನಮ್ಮ. ಕೊಡಿ ಇತ್ತ, ಅದೇನೈತೆ ನಾನೂ ನೋಡ್ತೀನಿ."

ಶ್ವೇತಾ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಪೆಟ್ಟಿಗೆ ಕಟ್ಟಿದಳು. ಅವಳಿಗೆ ಕಾಣುವುದೆಲ್ಲ ಲ್ಯಾಪ್‌ಟಾಪಿನಲ್ಲಿ ನನಗೂ ಕಾಣುತ್ತಿತ್ತು. ಅದೇ ಹುಲ್ಲು, ಅದೇ ಬೇಲಿ. ಭಾಗ್ಯ ಸೊಂಟದಿಂದ ಮೇಲಕ್ಕೆ ಇಡೀ ಮೈ ತಿರುಗಿಸಿದಳು. ಶ್ವೇತಾ ನನ್ನ ಕಡೆ ಒಂದು ಸಲ ನೋಡಿ, ಅವಳ ಎದೆಗೂ ಪಟ್ಟಿ ಹಾಕಿದಳು.

"ಈಗ ಕತ್ತು ಮಾತ್ರ ಅಕ್ಕ. ಎಡಗಡೆ."

ಹಕ್ಕಿ ಮೂಲೆಯಲ್ಲಿ ಅರ್ಧ ಕಂಡಿತು. ಕತ್ತು ಅಲ್ಲಿಗೆ ನಿಂತಿತು. ಭಾಗ್ಯ ಕುರ್ಚಿಯ ಕೈ ಹಿಡಿದಳು. ಹಕ್ಕಿ ಅಲ್ಲೇ ಕೂತಿತ್ತು. ಬಲಗಡೆ ಇನ್ನೂ ಕಡಿಮೆ. ಪೆಟ್ಟಿಗೆಯ ಕೆಳಗಿಂದ ನೀರು ಇಳಿದು ಗದ್ದಕ್ಕೆ ಬಂತು. ಮೊದಲು ಬೆವರು ಅಂದುಕೊಂಡೆ. ಮೂವತ್ತಮೂರು ವರ್ಷದ ಹೆಂಗಸು. ನಾನು ಹಾರಿಸಿದ ಹಕ್ಕಿಗಳಲ್ಲಿ ಅವಳಿಗೆ ಒಂದೂ ಹಾರಲಿಲ್ಲ.

ಶ್ವೇತಾ ಪೆಟ್ಟಿಗೆ ಬಿಚ್ಚಿದಳು. "ಎಷ್ಟು ದಿನದಿಂದ ಹೀಗಿದೆ ಅಕ್ಕ?"

"ನಾಕ್ ವರ್ಸ ಆಯ್ತು."

"ಯಾರಿಗೂ ಹೇಳಲಿಲ್ವಾ?"

ಭಾಗ್ಯ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಯೋಳಿದ್ದೆ. ಅತ್ತೇಗೆ."

ನನಗೆ ನೆನಪಾಗಲಿಲ್ಲ. ಇದನ್ನೂ ಮುಚ್ಚಿಡುವುದಿಲ್ಲ. ಬಸ್ಸು ಹತ್ತಿ, ಅವಳು ಈ ಸಲ ನನ್ನ ಪಕ್ಕ ಕೂತು, ತೆರಕಣಾಂಬಿ ಹತ್ತಿರ ಬರುವವರೆಗೂ ನೆನಪಾಗಲಿಲ್ಲ. ನಾನೇ ಕೇಳಿದೆ.

"ಯಾವಾಗಮ್ಮಿ ಯೋಳ್ದೆ ನೀನು?"

"ಮಗೀಗೆ ಆರ್ ತಿಂಗ್ಳು. ಕೆರೆ ಮಗ್ಗುಲ್ ಹೊಲ್ದಲ್ಲಿ. ಬುಡಿ ಅತ್ತೆ, ಈಗ್ಯಾಕೆ."

ಆಗ ನೆನಪಾಯಿತು. ಇವತ್ತೊಂದಿನ ಹೂವು ಕೀಳುತ್ತೇನೆ, ಹೊರಲು ಆಗುವುದಿಲ್ಲ, ಕತ್ತು ಹಿಡಿದಿದೆ ಎಂದಿದ್ದಳು. ನಮ್ಮ ಗುಂಪಿನಲ್ಲಿ ಒಂದು ಕಟ್ಟಳೆ ಇತ್ತು. ಚೀಲದ ಬಾಯಿ ಕಟ್ಟಲು ಕಷ್ಟವಾಗುವಷ್ಟು ತುಂಬಬೇಕು, ಒಬ್ಬೊಬ್ಬಳೂ ಪೂರ್ತಿ ಮೂಟೆಯೇ ಹೊರಬೇಕು. ಅರ್ಧ ಹೊರುವವಳನ್ನು ನಾವು ಗುಂಪಿಗೆ ಸೇರಿಸುತ್ತಿರಲಿಲ್ಲ. ಆ ಕಟ್ಟಳೆ ಮಾಡಿದವಳು ನಾನೇ. ಕುತ್ತಿಗೆ ಹಿಡಿದರೆ ಹೊರೆ ಬಿದ್ದ ಮೇಲೆ ಬಿಡುತ್ತದೆ, ಹೊರೆ ಇಳಿಸಿದವರ ಕುತ್ತಿಗೆಯೇ ಕೆಡುವುದು ಎಂದು ನಾವೆಲ್ಲ ನಂಬಿದ್ದೆವು. ನಾನು ಎಲ್ಲರ ಮುಂದೆ ಅಂದದ್ದು ಇಷ್ಟು: "ಮೂವತ್ ತುಂಬಿಲ್ಲ, ಕತ್ ನೋವಂತೆ ಮಾರಾಣಿಗೆ. ಒರೆ ಬಿದ್ರೆ ನೆಟ್ಟಗಾಯ್ತದೆ, ಬಗ್ಗಮ್ಮಿ." ಹೆಂಗಸರು ನಕ್ಕರು. ನಾನು ಚೀಲವನ್ನು ಕಾಲಿನಿಂದ ಒತ್ತಿ ಇನ್ನೆರಡು ಬೊಗಸೆ ಹೂವು ತುರುಕಿ, ನನ್ನ ಕೈಯಾರೆ ಅವಳ ತಲೆಗೆ ಏರಿಸಿದೆ. ಅವಳು ಆಮೇಲೆ ಯಾವತ್ತೂ ಹೇಳಲಿಲ್ಲ. ನನ್ನ ನೋವನ್ನು ಅವಳು ಏಕೆ ನಂಬಬೇಕಿತ್ತು?

ಭಾಗ್ಯಳಿಗೆ ಮೆಷಿನ್ ಸಿಗಲಿಲ್ಲ. ಆರು ವಾರ ಮುಗಿದಿತ್ತು, ನಾವು ಹೊರಡುವಾಗಲೇ ಕಾಲೇಜಿನವರು ಪೆಟ್ಟಿಗೆಗಳನ್ನು ಡಬ್ಬಿಗೆ ಹಾಕುತ್ತಿದ್ದರು. ಶ್ವೇತಾ ಅವಳಿಗೂ ವ್ಯಾಯಾಮ ಬರೆದುಕೊಟ್ಟಳು, ಹೊರೆ ಕಡಿಮೆ ಮಾಡಿ ಎಂದಳು. ಹೂವಿನ ಕಾಲ ಇನ್ನೂ ಒಂದೂವರೆ ತಿಂಗಳಿತ್ತು. ಕಡಿಮೆ ಮಾಡುವುದು ಎಲ್ಲಿಂದ.

ಈಗ ಹೇಗಿದೆ ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ. ನನ್ನ ನೋವು ಹೋಗಿಲ್ಲ. ಮೊದಲಿನಷ್ಟಿಲ್ಲ, ಚಳಿಗಾಲದಲ್ಲಿ ಇದೆ. ದಿನಾ ಗೋಡೆಗೆ ತಲೆ ಆನಿಸಿ ಎಣಿಸುತ್ತೇನೆ. ಯಾರಾದರೂ ಕರೆದರೆ ಬಲಗಡೆಗೆ ತಿರುಗುತ್ತೇನೆ, ಎಡಗಡೆಗೆ ಅರ್ಧ. ಭಾಗ್ಯಳದು ನನ್ನದಕ್ಕಿಂತ ಕೆಟ್ಟದಾಗಿದೆ. ಅವಳು ಇವತ್ತಿಗೂ ಹೊರುತ್ತಾಳೆ. ನಾವಿಬ್ಬರೂ ಅದರ ಮಾತು ಹೆಚ್ಚು ಆಡುವುದಿಲ್ಲ. ಆಸ್ಪತ್ರೆಯಿಂದ ಬಂದ ದಿನ ಅವಳಿಗೆ ನಾನು ತಪ್ಪಾಯಿತು ಎಂದೂ ಹೇಳಲಿಲ್ಲ. ನಮ್ಮ ಕಡೆ ಅತ್ತೆಯರ ಬಾಯಿಗೆ ಆ ಮಾತು ಬರುವುದಿಲ್ಲ, ನನಗೂ ಬರಲಿಲ್ಲ.

ಮರುದಿನ ಬೆಳಿಗ್ಗೆ, ಎರಡು ವರ್ಷದ ಮೇಲೆ, ನಾನು ಹೊಲಕ್ಕೆ ಹೋದೆ. ಹೂವು ಕಿತ್ತಾಗಿತ್ತು, ಚೀಲಗಳು ಬದುವಿನ ಮೇಲೆ ಸಾಲಾಗಿ ನಿಂತಿದ್ದವು, ಲಾರಿಯವನು ಹಾರನ್ ಹೊಡೆಯುತ್ತಿದ್ದ. ಭಾಗ್ಯ ಸಿಂಬಿ ಸುತ್ತಿಕೊಂಡು ಮಂಡಿ ಬಗ್ಗಿಸಿ ನಿಂತಳು. ನನ್ನ ಜಾಗಕ್ಕೆ ಮುಂದಾಳಾಗಿದ್ದ ಕೆಂಪಮ್ಮ ಮೂಟೆ ಏರಿಸಲು ಬಂದಳು. ನಾನು ಕೆಂಪಮ್ಮನನ್ನು ಆಚೆಗೆ ಸರಿಸಿ ಚೀಲದ ಬಾಯಿ ಬಿಚ್ಚಿದೆ, ಅರ್ಧ ಹೂವನ್ನು ನೆಲಕ್ಕೆ ಸುರಿದೆ.

"ಏನ್ ಚಿಕ್ತಾಯಕ್ಕ ಇದು!" ಎಂದಳು ಕೆಂಪಮ್ಮ. "ನೀನೇ ಮಾಡಿದ್ ಕಟ್ಲೆ ಅಲ್ವಾ?"

"ನಾನೇ ಮಾಡಿದ್ದು. ನಾನೇ ಬುಡ್ತಾ ಇವ್ನಿ."

"ಅತ್ತೆ, ಜನ ನೋಡ್ತಾವ್ರೆ," ಎಂದಳು ಭಾಗ್ಯ.

"ನೋಡ್ಲಿ. ನೀನ್ ಬಗ್ಗು."

ಅರ್ಧ ಚೀಲವನ್ನೇ ಕಟ್ಟಿ ಅವಳ ತಲೆಗೆ ಏರಿಸಿದೆ. ಅವಳು ತಿರುಗಿ ನೋಡದೆ ಲಾರಿಯ ಕಡೆ ನಡೆದಳು. ನೆಲಕ್ಕೆ ಸುರಿದದ್ದನ್ನು ಇನ್ನೊಂದು ಚೀಲಕ್ಕೆ ತುಂಬಿ, ಎರಡು ಕೈಯಲ್ಲೂ ಅದರ ಬಾಯಿ ಹಿಡಿದು, ಹಿಂದೆ ಹಿಂದೆ ಹೆಜ್ಜೆ ಇಡುತ್ತ ನಾನು ಅದನ್ನು ರಸ್ತೆಯವರೆಗೆ ನೆಲದ ಮೇಲೆ ಎಳೆದುಕೊಂಡು ಹೋದೆ.